ಮೂರನೇ ತಟ್ಟೆ

ಚರ್ ಕೊರೈ
೨೦ ಭಾದ್ರ, ಗುರುವಾರ

ಪ್ರೀತಿಯ ಮಗ ಇದ್ರಿಸನಿಗೆ ನಿನ್ನ ಅಬ್ಬನ ದುವಾ,

ಹೇಗಿದ್ದೀಯ ಮಗಾ? ಢಾಕಾದಲ್ಲಿ ಡೆಂಗಿ ಜ್ವರ ಜಾಸ್ತಿಯಾಗಿದೆ ಎಂದು ರೇಡಿಯೊದಲ್ಲಿ ಕೇಳಿದೆ. ನಿನ್ನ ಅಂಗಡಿಯ ಹಿಂದಿನ ಆ ತೆರೆದ ಮೋರಿಯನ್ನು ಮುಚ್ಚಿಸಿದರೋ ಇಲ್ಲವೋ? ಸೆಕೆ ಅಂತ ಸೊಳ್ಳೆಪರದೆ ತೆಗೆದು ಮಲಗಬೇಡ. ಹಗಲೆಲ್ಲ ಊರವರ ಮೊಬೈಲುಗಳ ಹೊಟ್ಟೆ ಬಗೆದು ರಿಪೇರಿ ಮಾಡುವವನು, ಆಮೇಲೆ ನಿನ್ನ ಮೊಬೈಲನ್ನೇ ದಿಟ್ಟಿಸುತ್ತ ಕೂತರೆ ಕಣ್ಣಿನ ಗತಿ ಏನು? ಹೋದ ಸಲ ಬಂದಾಗ ನಿನ್ನ ಕಣ್ಣು ಕೆಂಪಗಿತ್ತು. ಅಮ್ಮ ಅದನ್ನೇ ಎರಡು ವಾರ ಹೇಳಿಕೊಂಡು ತಿರುಗಿದಳು. ಅವಳ ಮೊಣಕಾಲು ನೋವು ಹಾಗೇ ಇದೆ, ಸಾಸಿವೆ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ಹಚ್ಚುತ್ತಾಳೆ, ಮನೆಯೆಲ್ಲ ಅದೇ ವಾಸನೆ. ನನ್ನ ಕೆಮ್ಮು ಮಾತ್ರ ಎಷ್ಟೋ ವಾಸಿ. ಮೆಗಾಫೋನ್ ಹಿಡಿದು ಕೂಗಿದರೂ ಕೇಳುವವರಿಲ್ಲ ಎಂದಾದ ಮೇಲೆ ಗಂಟಲಿಗೆ ವಿಶ್ರಾಂತಿ ಸಿಕ್ಕಿದೆ. ನಿನ್ನಿಂದ ನನಗಾದ ಲಾಭ ಇದೊಂದೇ, ಕೋಪ ಮಾಡಿಕೊಳ್ಳಬೇಡ.

ಫೋನಿರುವಾಗ ಕಾಗದ ಯಾಕೆ ಎಂದು ನಗುತ್ತೀಯ. ನಿನ್ನೆ ಲಕೋಟೆ ತರಲು ಹೋದಾಗ ಪೋಸ್ಟ್ ಆಫೀಸಿನವನೂ ನಕ್ಕ. "ಇನ್ನೂ ಕಾಗದ ಬರೀತೀರಾ ಚಾಚಾ? ಗೋಂದೇ ಒಣಗಿಹೋಗಿದೆ ನಮ್ಮಲ್ಲಿ" ಅಂದ. ಆದರೆ ನೀನು ಶುಕ್ರವಾರ ಫೋನ್ ಮಾಡಿದಾಗ ಅಮ್ಮ ಸ್ಪೀಕರ್ ಹಾಕಿಕೊಂಡು ನಡುಮನೆಯಲ್ಲಿ ಕೂರುತ್ತಾಳೆ, ಅವಳೆದುರು ಆಡುವ ಮಾತಲ್ಲ ಇದು. ನಿನ್ನ ಪೇಜಿನಲ್ಲಿ ಬರೆಯೋಣವೆಂದರೆ ನೀನು ನನ್ನನ್ನು ಬ್ಲಾಕ್ ಮಾಡಿ ಎರಡು ತಿಂಗಳಾಯಿತು. ಎಲ್ಲರೆದುರು "ಮಗಾ, ಇದು ಸರಿಯಲ್ಲ" ಎಂದು ಬರೆದದ್ದು ನನ್ನ ತಪ್ಪು, ಒಪ್ಪಿದೆ. ಅದಕ್ಕೆ ನಿನ್ನ ಹಿಂಬಾಲಕರು ನನಗೆ ಬರೆದದ್ದನ್ನೂ ಓದಿದೆ. "ಚಾಚಾ, ವಿದೇಶದಿಂದ ತಿಂಗಳಿಗೆ ಎಷ್ಟು ಡಾಲರ್ ಬೀಳುತ್ತೆ?" ಎಂದು ಒಬ್ಬ ಕೇಳಿದ್ದ. ಮೂವತ್ತು ವರ್ಷ ಮೀರಿ ಸಂಬಳವಿಲ್ಲದೆ ತುಫಾನಿನ ಎಚ್ಚರಿಕೆಯ ಬಾವುಟ ಹಾರಿಸಿದ್ದಕ್ಕೆ ನನಗೆ ಸಿಕ್ಕಿದ್ದು ಒಂದು ಕೇಸರಿ ಜಾಕೀಟು, ಒಂದು ಟಾರ್ಚು, ಒಂದು ಜೊತೆ ರಬ್ಬರ್ ಬೂಟು. ಅದರಲ್ಲೂ ಬಲಗಾಲಿನದು ಸೋರುತ್ತದೆ. ಚಿಕ್ಕವನಿದ್ದಾಗ ನೀನೇ ಒಮ್ಮೆ "ಅಬ್ಬಾ, ಈ ಕೆಲಸ ಯಾಕೆ ಮಾಡ್ತೀರಾ?" ಎಂದು ಕೇಳಿದ್ದೆ. ಬೂಟಿನ ಆಸೆಗೆ ಅಂದಿದ್ದೆ. ನೀನು ನಂಬಿದ್ದೆ. ಈಗಲೂ ನಂಬಿದ್ದೀಯ ಎಂದು ಕಾಣುತ್ತದೆ.

ನಿನ್ನ "ಸಾಗರ ಸತ್ಯ" ಪೇಜನ್ನು ನಾನು ದ್ವೇಷದಿಂದ ನೋಡಿದವನಲ್ಲ. ನದಿ ಮಣ್ಣು ಕೂಡಿ ಎದ್ದ ಈ ಇಡೀ ಚರ್‌ನಲ್ಲಿ ಓದಿ ಮುಂದೆ ಬಂದ ಹುಡುಗ ನೀನೊಬ್ಬ. ಗಾಳಿಯ ನಕ್ಷೆ ಹಾಕಿ, ಬಣ್ಣಬಣ್ಣದ ಸುಳಿ ತಿರುಗಿಸಿ ನೀನು ವಿವರಿಸುವಾಗ ನನಗೇ ಎಷ್ಟೋ ಸಲ ಹೆಮ್ಮೆಯಾಗಿದೆ. ನೀನು ಹೇಳುವುದರಲ್ಲಿ ನಿಜವೂ ಇದೆ. ನಮ್ಮ ಒಡ್ಡಿನ ಮಣ್ಣನ್ನು ಅರ್ಧಕ್ಕರ್ಧ ನುಂಗಿದ ಗುತ್ತಿಗೆದಾರ, ಒಡ್ಡು ಒಡೆದಾಗ ಕ್ಯಾಮೆರಾದ ಮುಂದೆ ನಿಂತು "ಏನ್ಮಾಡೋದು, ಹವಾಮಾನ ಬದಲಾಗಿದೆ" ಅಂದನಲ್ಲ, ಅವನನ್ನು ನೀನು ಹಿಗ್ಗಾಮುಗ್ಗಾ ಉಗಿದ ದಿನ ನಾನು ಚಹಾ ಅಂಗಡಿಯಲ್ಲಿ ಎಲ್ಲರಿಗೂ ಅದನ್ನು ತೋರಿಸಿದೆ. ಆದರೆ ಅಲ್ಲಿಂದ ನೀನು ಎಲ್ಲಿಗೆ ಹೋಗಿಬಿಟ್ಟೆ? ಗುತ್ತಿಗೆದಾರ ಸುಳ್ಳ, ಆದ್ದರಿಂದ ಸಮುದ್ರ ಏರುತ್ತಿರುವುದೂ ಸುಳ್ಳು. ಸಮುದ್ರ ಏರುವುದು ಸುಳ್ಳು, ಆದ್ದರಿಂದ ತುಫಾನಿನ ಸಿಗ್ನಲ್ಲೂ ಸುಳ್ಳು, ಎಲ್ಲವೂ ನೆರವಿನ ಹಣ ತರಿಸಿಕೊಳ್ಳುವ ನಾಟಕ ಎಂದು. ದೋಣಿ ನಿಲ್ಲುವ ಘಾಟಿನ ಕಂಬಕ್ಕೆ ಹನ್ನೆರಡು ವರ್ಷದ ಹಿಂದೆ ಅಮಾವಾಸ್ಯೆಯ ಉಬ್ಬರಕ್ಕೆ ನಾನೇ ಕೆಂಪು ಗೆರೆ ಬಳಿದಿದ್ದೆ, ಏಣಿ ಹಿಡಿದವನು ನೀನೇ. ಈಗ ನೀರು ಅದರ ಮೇಲೆ ಒಂದು ಗೇಣು ನಿಲ್ಲುತ್ತದೆ. ಹೇಳಿದರೆ, "ಅದು ನೀರು ಏರಿದ್ದಲ್ಲ ಅಬ್ಬಾ, ನೆಲ ಕುಸಿದಿದ್ದು" ಅಂದೆ. ಇರಲಿ ಮಗಾ. ನೀರು ಮೇಲೆ ಬಂದರೂ ನೆಲ ಕೆಳಗೆ ಹೋದರೂ ಒದ್ದೆಯಾಗುವುದು ನಿನ್ನ ಅಮ್ಮನ ಒಲೆಯೇ.

ಆ ನಾಜಿಫಾ ಹುಡುಗಿಯ ವಿಷಯ ಬರೆಯದೆ ಇರಲಾರೆ. ವಿಶ್ವವಿದ್ಯಾಲಯದಿಂದ ಬಂದು ಘಾಟಿನಲ್ಲಿ ನೀರು ಅಳೆಯುವ ಯಂತ್ರ ಕಟ್ಟಿದವಳು, ನಮ್ಮ ಮನೆಯಲ್ಲಿ ಹದಿನೈದು ದಿನ ಉಂಡವಳು. ಅಮ್ಮನ ಒಣಮೀನಿನ ಚಟ್ನಿ ಖಾರಕ್ಕೆ ಕಣ್ಣೀರು ಸುರಿಸುತ್ತ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದಳು. ನಿನ್ನ ಲೈವ್‌ಗೆ ಅವಳನ್ನು ಕರೆದೆ. ನಾನು, ಅಮ್ಮ, ಮೊಕ್ಲೆಸನ ಚಹಾ ಅಂಗಡಿಯಲ್ಲಿ ಅರ್ಧ ಊರು, ಎಲ್ಲರೂ ನೋಡುತ್ತಿದ್ದೆವು. "ಹೋದ ವರ್ಷದ ತುಫಾನು ಕಾರ್ಖಾನೆ ಹೊಗೆಯಿಂದಲೇ ಬಂತು ಅಂತ ಹೇಳ್ತೀರಾ? ಹೌದಾ, ಇಲ್ವಾ? ಒಂದೇ ಮಾತಲ್ಲಿ ಹೇಳಿ" ಎಂದು ಕೇಳಿದೆ. ಆ ಹುಡುಗಿ ಪಾಪ ಸತ್ಯವಂತೆ. ಯಾವುದೇ ಒಂದು ತುಫಾನಿನ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ, ಆದರೆ ಸಮುದ್ರ ಬಿಸಿಯಾದಷ್ಟೂ ತುಫಾನು ಬೇಗ ಬಲಿಯುತ್ತದೆ, ನೀರು ಏರಿದಷ್ಟೂ ಅಲೆ ಒಳಗೆ ಬರುತ್ತದೆ ಎಂದು ಹೇಳಲು ಹೊರಟಳು. ನೀನು ಅರ್ಧದಲ್ಲೇ ತಡೆದು "ನೋಡಿ, ಗೊತ್ತಿಲ್ವಂತೆ!" ಅಂದೆ. ಮೊಕ್ಲೆಸನ ಅಂಗಡಿಯಲ್ಲಿ ಎಲ್ಲರೂ ತೊಡೆ ತಟ್ಟಿ ನಕ್ಕರು. ಮಳೆಯಲ್ಲಿ ನೆಂದು ಮಗುವಿಗೆ ಜ್ವರ ಬಂದರೆ, ಯಾವ ಹನಿಯಿಂದ ಬಂತು ತೋರಿಸು ಎಂದು ತಾಯಿಯನ್ನು ಕೇಳಿದ ಹಾಗಾಯಿತು ಅದು. ಆಮೇಲೆ ನಿನ್ನ ಜನ ಅವಳ ಫೋಟೊ ಹಾಕಿ, ಇನ್ನೂ ಮದುವೆಯಾಗಿಲ್ಲ ಎಂಬುದನ್ನೂ ಬಿಡದೆ ಬಾಯಿಗೆ ಬಂದದ್ದು ಬರೆದರು. ನೀನು ಬರೆಯಲಿಲ್ಲ, ಗೊತ್ತು. ಅಳಿಸಲೂ ಇಲ್ಲ. ಅವಳು ಖಾತೆ ಮುಚ್ಚಿದಳು. ಘಾಟಿನ ಯಂತ್ರ ನೋಡಲು ಈಗ ಯಾರೂ ಬರುವುದಿಲ್ಲ, ಅದರ ಮೇಲೆ ಕೊಕ್ಕರೆ ಕೂರುತ್ತದೆ.

ಇಷ್ಟಾದರೂ ನಾನು ಕಾಗದ ಬರೆಯುತ್ತಿರಲಿಲ್ಲ. ವಿಷಯ ಬೇರೆ ಇದೆ. ಜ್ಯೇಷ್ಠದಲ್ಲಿ ನೀನು ರಜೆಗೆ ಬಂದಾಗ ಸಿಗ್ನಲ್ ಏರಿತಲ್ಲ, ನಾನು ಮೊದಲನೇ ಬಾವುಟ ಏರಿಸಿ ಮನೆಗೆ ಬರುವಷ್ಟರಲ್ಲಿ ಅಮ್ಮ ಗಂಟು ಕಟ್ಟಿ ಮುಗಿಸಿದ್ದಳು. ನೀನು ಹುಟ್ಟಿದಾಗಿನಿಂದ ನೋಡಿದ್ದೀಯ, ಮೂರು ಬಾವುಟ ಏರಿ ಮಹಾ ಅಪಾಯ ಎನ್ನುವವರೆಗೆ ಊರು ಕಾದರೂ ಅವಳು ಕಾಯುವವಳಲ್ಲ, ಆಶ್ರಯ ಕಟ್ಟಡದ ಮೆಟ್ಟಿಲ ಮೇಲೆ ಎಲ್ಲರಿಗಿಂತ ಮೊದಲು ಅವಳೇ. ನೀನು ಮೊಬೈಲು ಹಿಡಿದು "ಬನ್ನಿ, ನಮ್ಮಮ್ಮನ ತುಫಾನು ಗಂಟು ತೋರಿಸ್ತೀನಿ" ಎಂದು ಒಂದೊಂದೇ ಹೊರತೆಗೆದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಂಕಿಪೆಟ್ಟಿಗೆ, ಮಂಡಕ್ಕಿ, ಬೆಲ್ಲ, ಜಾಗದ ಪತ್ರ, ಬಾಚಣಿಗೆ. ಕೊನೆಗೆ ತಟ್ಟೆಗಳು. ಎರಡು ದೊಡ್ಡವು, ಒಂದು ಚಿಕ್ಕದು, ತಳದಲ್ಲಿ ನೀಲಿ ಮೀನಿನ ಚಿತ್ರವಿರುವ ತಗಡಿನದು. "ಇರೋದು ಮುದುಕ ಮುದುಕಿ ಇಬ್ರು, ತಟ್ಟೆ ಮೂರು ಯಾಕಮ್ಮಾ? ತುಫಾನು ಸಾಹೇಬ್ರು ಊಟಕ್ಕೆ ಬಂದ್ರೆ ಬಡಿಸೋಕಾ?" ಅಂದೆ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆ ವಿಡಿಯೊ ನೀನು ನೋಡಿಕೊಳ್ಳಲು ತೆಗೆದದ್ದು, ಊರಲ್ಲಿಲ್ಲದ ಮಗನಿಗೆ ಅಮ್ಮನ ಮುಖ ಬೇಕು ಅಂದುಕೊಂಡಿದ್ದಳು ಅವಳು. ಲಕ್ಷಗಟ್ಟಲೆ ಜನ ನೋಡುತ್ತಾರೆ ಎಂದು ಅವಳಿಗೇನು ಗೊತ್ತು? ಅದರಲ್ಲಿ ಅವಳ ಹಿಂದೆ ಬಾವುಟದ ಕೋಲು ಹಿಡಿದು ನಾನೂ ನಿಂತಿದ್ದೇನೆ. ನಾನೂ ನಗುತ್ತಿದ್ದೇನೆ. ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ, ಪ್ರತಿ ಸಲವೂ ನನ್ನ ಮುಖಕ್ಕೆ ಹೊಡೆಯಬೇಕು ಅನಿಸುತ್ತದೆ.

ತುಫಾನು ಬರಲಿಲ್ಲ. ನೀನು ಹೇಳಿದ ಹಾಗೆಯೇ ಪಶ್ಚಿಮಕ್ಕೆ ತಿರುಗಿ ಒಡಿಶಾದ ಕಡೆ ಹೋಯಿತು. ನನ್ನ ಮಾತು ಕೇಳಿ ಆಶ್ರಯಕ್ಕೆ ಬಂದವರು ಎರಡು ದಿನ ಮೂತ್ರದ ವಾಸನೆಯಲ್ಲಿ ಕೂತು ಮನೆಗೆ ಹೋದರೆ, ರಾಹೆಲಾಳ ನಾಲ್ಕು ಬಾತುಕೋಳಿಗಳನ್ನು ಯಾರೋ ಎತ್ತಿಕೊಂಡು ಹೋಗಿದ್ದರು. "ನಿಮ್ಮ ಬಾವುಟದಿಂದಾನೇ ಹೋಯ್ತು, ನೀವೇ ಕೊಡಿಸಿ" ಎಂದು ಅವಳು ನನ್ನ ಜಾಕೀಟು ಹಿಡಿದಳು. ಮೊಕ್ಲೆಸ್ ನಿನ್ನ ಹೆಸರಿನಲ್ಲಿ ಜಿಲೇಬಿ ಹಂಚಿದ. "ತಗೊಳ್ಳಿ ಚಾಚಾ, ಮಗ ಗೆದ್ದ ಜಿಲೇಬಿ" ಎಂದು ನನ್ನ ಕೈಗೂ ಒಂದು ಇಟ್ಟ. ತಿಂದೆ. ಬಿಸಿಯಾಗಿತ್ತು, ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಇತ್ತು. ನೀನು ತಪ್ಪು ಹೇಳಿದ್ದರೆ ನಾನು ನಿನ್ನ ಜೊತೆ ವಾದ ಮಾಡಬಹುದಿತ್ತು. ಸರಿ ಹೇಳಿದವನ ಜೊತೆ ಏನು ವಾದ ಮಾಡಲಿ? ತುಫಾನು ಹತ್ತು ಸಲದಲ್ಲಿ ಎಂಟು ಸಲ ಬೇರೆ ಕಡೆಗೇ ಹೋಗುತ್ತದೆ. ಬರುವುದಿಲ್ಲ ಅಂದವನು ಎಂಟು ಸಲ ಗೆಲ್ಲುತ್ತಾನೆ. ನಾನು ಎಂಟು ಸಲ ಬಾತುಕೋಳಿ ಕಳೆದವನಾಗುತ್ತೇನೆ.

ಶ್ರಾವಣದಲ್ಲಿ ಮತ್ತೆ ಸಿಗ್ನಲ್ ನಾಲ್ಕು ಬಂತು. ಬಾವುಟ ಏರಿಸಿ, ಮೆಗಾಫೋನ್ ಹಿಡಿದು ಒಡ್ಡಿನ ಮೇಲೆ ನಡೆದೆ. ಮೊಕ್ಲೆಸನ ಅಂಗಡಿ ಹತ್ತಿರ ಬಂದಾಗ ಅವನು ದೊಡ್ಡ ಸ್ಪೀಕರಿನಲ್ಲಿ ನಿನ್ನ ವಿಡಿಯೊ ಹಾಕಿದ. ಒಂದು ಕಡೆಯಿಂದ ನಾನು "ಎಚ್ಚರ, ಎಚ್ಚರ" ಎಂದು ಕೂಗುತ್ತಿದ್ದೇನೆ, ಇನ್ನೊಂದು ಕಡೆಯಿಂದ ನೀನು "ಹೆದರ್ಬೇಡಿ, ಏನೂ ಆಗಲ್ಲ" ಅನ್ನುತ್ತಿದ್ದೀಯ. ದಾರಿಯಲ್ಲಿ ಹೋಗುವವರು ನಿಂತು ಎರಡನ್ನೂ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಚಾಚಾ, ಮೊದ್ಲು ಮನೇಲಿ ಇತ್ಯರ್ಥ ಮಾಡ್ಕೊಂಡು ಬನ್ನಿ" ಎಂದು ಒಬ್ಬ ಕೂಗಿದ. ನಿನ್ನ ದನಿಯ ಮೇಲೆ ನನ್ನ ದನಿ ಏರಿಸಲು ನನಗೆ ಮನಸ್ಸಾಗಲಿಲ್ಲ. ಮೆಗಾಫೋನ್ ಆರಿಸಿ ಮನೆಗೆ ಬಂದೆ. ಅಮ್ಮ ಅಂಗಳದಲ್ಲಿ ಕೂತು ಮೀನು ಹೆರೆಯುತ್ತಿದ್ದಳು. ಗಂಟು ಇರಲಿಲ್ಲ. ದೊಡ್ಡ ತಟ್ಟೆಗಳೆರಡೂ ಅಡುಗೆಮನೆಯ ಗೂಡಿನಲ್ಲಿದ್ದವು, ಚಿಕ್ಕದು ಕಾಣಲಿಲ್ಲ. ಕೊಳದ ಹತ್ತಿರ ಹೆಂಗಸರು ಅವಳನ್ನು "ಮೂರು ತಟ್ಟೆ ಚಾಚಿ" ಎಂದು ಕರೆಯುವುದು ನನಗೆ ಗೊತ್ತಿತ್ತು. ಅವಮಾನಕ್ಕೆ ಹೀಗೆ ಮಾಡಿದ್ದಾಳೆ ಎಂದುಕೊಂಡು ಏಳು, ಹೊರಡು ಅಂದೆ. ಅವಳು ತಲೆ ಎತ್ತದೆ ಹೇಳಿದಳು: "ನಾನು ಬರಲ್ಲ. ಹೆತ್ತ ತಾಯೀನೇ ಅವನ ಮಾತು ನಂಬ್ದೆ ಓಡಿಹೋದ್ಲು ಅಂತ ಯಾರಾದ್ರೂ ವಿಡಿಯೊ ಹಾಕಿದ್ರೆ, ನನ್ನ ಮಗ ಮುಖ ಎಲ್ಲಿಟ್ಕೋತಾನೆ?"

ಕೇಳಿದೆಯಾ ಮಗಾ? ಅವಳು ನಿನ್ನ ಮಾತು ನಂಬಿ ಕೂತಿಲ್ಲ. ಗಾಳಿ ಬೀಸಿದಾಗಲೆಲ್ಲ ಅವಳು ಬಾಗಿಲಿಗೆ ಬಂದು ಸಮುದ್ರದ ಕಡೆ ನೋಡುವುದನ್ನು ನಾನು ಕಾಣುತ್ತೇನೆ. ನಿನ್ನ ಮಾನ ಉಳಿಸಲು ಕೂತಿದ್ದಾಳೆ. ಶ್ರಾವಣದ್ದು ಬರೀ ಮಳೆಯಾಗಿ ಹೋಯಿತು, ಪುಣ್ಯ. ಮುಂದೆ ಕಾರ್ತಿಕ ಬರುತ್ತದೆ, ಕಾರ್ತಿಕದ ಸಮುದ್ರ ನಿನಗೆ ಗೊತ್ತು. ಅಮ್ಮ ಇಲ್ಲದಾಗ ಒಮ್ಮೆ ಫೋನ್ ಹಿಡಿದು ಹಿತ್ತಲಿಗೆ ಹೋಗಿ ನಿನ್ನನ್ನು ಬೇಡಿಕೊಂಡೆ. ಹವಾಮಾನದ ವಿಜ್ಞಾನ ನಂಬು ಎಂದು ಹೇಳಲಿಲ್ಲ. ಆ ಹುಡುಗಿಯ ಕ್ಷಮೆ ಕೇಳು ಎಂದೂ ಹೇಳಲಿಲ್ಲ. "ಯಾರು ಏನೇ ಹೇಳಲಿ, ಮೂರು ಬಾವುಟ ಏರಿದ ಮೇಲೆ ಎಲ್ಲರೂ ಹೋಗಿ, ಅಮ್ಮಾ, ನೀನೂ ಹೋಗು" ಎಂದು ಒಂದೇ ಒಂದು ಸಲ ಪೇಜಿನಲ್ಲಿ ಹೇಳು ಅಂದೆ. "ಒಂದ್ಸಲ ಹಾಗಂದ್ರೆ ನನ್ನ ಪೇಜ್ ಮುಗೀತು ಅಬ್ಬಾ, ಭಯ ಮಾರೋರ ಜೊತೆ ಸೇರ್ಕೊಂಡ ಅಂತಾರೆ" ಅಂದೆ. ಅಮ್ಮನಿಗೆ ಮಾತ್ರ ಗುಟ್ಟಾಗಿ ಹೇಳಲೂ ನೀನು ಒಪ್ಪಲಿಲ್ಲ. ಹೇಳಿದ್ದರೂ ಅವಳು ಕೇಳುತ್ತಿರಲಿಲ್ಲ, ನೀನು ಲೋಕಕ್ಕೆ ಹೇಳಿದ್ದೇ ಅವಳಿಗೆ ಮುಖ್ಯ. ಅವಳನ್ನು ಹೊತ್ತುಕೊಂಡು ಹೋಗೋಣವೆಂದರೆ ನನಗೆ ಅರವತ್ತೆಂಟು. ಅವಳನ್ನು ಬಿಟ್ಟು ನಾನು ಬಾವುಟ ಹಿಡಿದು ಯಾರ ಮನೆಯ ಬಾಗಿಲು ತಟ್ಟಲಿ? ನನಗೆ ಏನೂ ತೋಚುತ್ತಿಲ್ಲ. ಇಷ್ಟು ವರ್ಷ ಊರಿಗೆ ಏನು ಮಾಡಬೇಕು ಎಂದು ಹೇಳುತ್ತಿದ್ದವನು, ಈಗ ನನ್ನ ಅಂಗಳದಲ್ಲೇ ಏನು ಮಾಡಬೇಕೆಂದು ತಿಳಿಯದೆ ಕೂತಿದ್ದೇನೆ.

ಅಮ್ಮ ನಿನಗೆ ಸಲಾಂ ಅಲ್ಲ, ಮುತ್ತು ಕಳಿಸಿದ್ದಾಳೆ. ನಾನು ಯಾರಿಗೋ ಕಾಗದ ಬರೆಯುತ್ತಿರುವುದು ಕಂಡು ನಿನಗೇ ಇರಬೇಕು ಎಂದು ಊಹಿಸಿ, ಒಣಮೀನು ಕಳಿಸಲಾ ಕೇಳು ಅಂದಳು. ಅಲ್ಲಾಹು ನಿನ್ನನ್ನು ಕಾಪಾಡಲಿ. ಸೊಳ್ಳೆಪರದೆ ಮರೆಯಬೇಡ.

ನಿನ್ನ ಅಬ್ಬಾ
ಸೊಲೈಮಾನ್ ಮಾಝಿ

ಮರೆತದ್ದು: ಟಪಾಲು ಒಯ್ಯುವ ಲಾಂಚ್ ಹೊರಡಲು ಹೆಚ್ಚು ಹೊತ್ತಿಲ್ಲ, ಅಕ್ಷರ ಸೊಟ್ಟಗಿದ್ದರೆ ಓದಿಕೋ. ಕಾಗದ ಮುಗಿಸಿ ಎದ್ದ ಮೇಲೆ ಆ ಚಿಕ್ಕ ತಟ್ಟೆ ಎಲ್ಲಿ ಎಂದು ಅಮ್ಮನನ್ನು ಕೇಳಿಯೇಬಿಟ್ಟೆ. ಹಿತ್ತಲಿಗೆ ಕರೆದುಕೊಂಡು ಹೋಗಿ ಸೀಬೆ ಗಿಡದ ಬುಡ ತೋರಿಸಿದಳು. ಅಲ್ಲಿ ತಟ್ಟೆ ಹೂತು, ಮಣ್ಣು ದಿಬ್ಬ ಮಾಡಿ, ಗೋರಿಯ ಹಾಗೆ ತಲೆಯ ಕಡೆ ಎರಡು ಇಟ್ಟಿಗೆ ಇಟ್ಟಿದ್ದಾಳೆ. ನಿನಗಿಂತ ಮೊದಲು ನಮಗೊಬ್ಬಳು ಮಗಳಿದ್ದಳು ಇದ್ರಿಸ್. ಪಾರುಲ್. ನಾಲ್ಕು ವರ್ಷ. ಆ ತಟ್ಟೆ ಅವಳದು. ತೊಂಬತ್ತೊಂದರ ತುಫಾನಿನ ದಿನ ಅಮ್ಮ ಮಧ್ಯಾಹ್ನವೇ ಗಂಟು ಕಟ್ಟಿ, ಮೂರು ತಟ್ಟೆ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಚಹಾ ಅಂಗಡಿಯಲ್ಲಿ ನಾಲ್ಕು ಜನರ ನಡುವೆ ಕೂತು "ಇದು ಬರ್ಮಾದ ಅರಕಾನ್ ಕಡೆ ಹೋಗುತ್ತೆ, ಬಿಡ್ರೋ" ಅಂದವನು ನಾನು. ಅದಕ್ಕೆ ಮೊದಲು ಎರಡು ಸಲ ನಾನು ಹೇಳಿದ್ದೇ ನಿಜವಾಗಿತ್ತು, ಎಲ್ಲರೂ ನನ್ನ ಮಾತು ಕೇಳುತ್ತಿದ್ದರು. ಅಮ್ಮನೂ ಕೇಳಿದಳು. ನೀರು ಬಂದಾಗ ಪಾರುಲಳನ್ನು ಸೀರೆಯಿಂದ ಎದೆಗೆ ಕಟ್ಟಿಕೊಂಡಿದ್ದಳು. ಸೀರೆ ಉಳಿಯಿತು. ಗಂಟೂ ಮರಕ್ಕೆ ಸಿಕ್ಕಿ ಉಳಿಯಿತು. ಆ ಹಳೆಯ ಚರ್ ಅನ್ನು ಆಮೇಲೆ ನದಿಯೇ ತಿಂದಿತು, ನಮ್ಮನ್ನು ಬಲ್ಲವರು ಯಾರೂ ಇಲ್ಲಿಗೆ ಬರಲಿಲ್ಲ, ನೀನು ಹುಟ್ಟಿದ ಮೇಲೆ ನಿನಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನಾನು ಬಾವುಟ ಹಿಡಿದದ್ದು ಬೂಟಿಗಲ್ಲ. ನೀನು ತಟ್ಟೆ ಹಿಡಿದು ನಗಿಸಿದಾಗ ನಾನು ನಕ್ಕದ್ದು, ನಗದಿದ್ದರೆ ನೀನು ಯಾಕೆಂದು ಕೇಳುತ್ತಿದ್ದೆ ಎಂಬ ಹೆದರಿಕೆಗೆ.

ಯಾಕೆ ಹೂತೆ ಎಂದು ಕೇಳಿದ್ದಕ್ಕೆ ಅಮ್ಮ, "ಎಷ್ಟು ಅಂತ ಹೊತ್ಕೊಂಡು ಓಡಾಡ್ಲಿ ಅವಳನ್ನ? ಇನ್ನು ಇಲ್ಲೇ ಇರ್ಲಿ. ನಾನೂ ಇಲ್ಲೇ ಇರ್ತೀನಿ" ಅಂದಳು. ಈಗ ನೀನು ಪೇಜಿನಲ್ಲಿ ಹೇಳಿದರೂ ಅವಳು ಏಳುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಕಾಗದ ತಲುಪಿದ ಮೇಲೆ ಬರುವ ಶುಕ್ರವಾರ ಫೋನ್ ಮಾಡಿದಾಗ ಗಾಳಿ ಮಳೆಯ ಮಾತು ಎತ್ತಬೇಡ. ಪಾರುಲ್ ನೋಡಲು ಹೇಗಿದ್ದಳು ಎಂದು ಕೇಳು. ಮೂವತ್ತನಾಲ್ಕು ವರ್ಷದಿಂದ ಅಮ್ಮನನ್ನು ಯಾರೂ ಅದನ್ನು ಕೇಳಿಲ್ಲ. ನಾನೂ ಕೇಳಿಲ್ಲ.